ಮತ್ತೆ ಮತ್ತೆ ಕಾಡುವ ಉರಿಮೂತ್ರ: ‘ಉಷ್ಣ’ ಎಂದು ಸುಮ್ಮನಾಗಬೇಡಿ

‘ಮೈಗೆ ಉಷ್ಣವಾಗಿದೆ ಅಷ್ಟೆ. ಎರಡು ಎಳನೀರು ಕುಡಿ, ಸರಿಹೋಗುತ್ತೆ.’

ಒಂದಕ್ಕೆ ಹೋದರೆ ಉರಿಯುತ್ತದೆ ಎಂದು ಮಗಳು ಹೇಳಿಕೊಂಡಾಗ ನಮ್ಮ ಬಹುತೇಕ ಮನೆಗಳಲ್ಲಿ ಮೊದಲು ಸಿಗುವ ಉತ್ತರ ಇದು. ಅಜ್ಜಿ ಇದ್ದ ಮನೆಯಾದರೆ ನೆತ್ತಿಗೂ ಹೊಕ್ಕುಳಿಗೂ ಹರಳೆಣ್ಣೆ ಬೀಳುತ್ತದೆ. ಒಲೆಯ ಮೇಲೆ ಬಾರ್ಲಿ ಬೇಯುತ್ತದೆ. ಎರಡು ದಿನದಲ್ಲಿ ಉರಿ ತಗ್ಗಿದರೆ ಎಲ್ಲರೂ ಮರೆಯುತ್ತಾರೆ. ತಗ್ಗದಿದ್ದರೆ ಅಪ್ಪನೋ ಅಣ್ಣನೋ ಬೀದಿ ಕೊನೆಯ ಔಷಧಿ ಅಂಗಡಿಗೆ ಹೋಗಿ, ದನಿ ತಗ್ಗಿಸಿ, ‘ಯೂರಿನ್ ಇನ್‌ಫೆಕ್ಷನ್‌ಗೆ ಏನಾದ್ರೂ ಕೊಡಿ’ ಎನ್ನುತ್ತಾರೆ. ಅಂಗಡಿಯವರು ಹಾಳೆಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಎರಡು ನುಂಗುವಷ್ಟರಲ್ಲಿ ಉರಿ ಮಾಯ. ಉಳಿದೆರಡು ಮಾತ್ರೆ ‘ಮುಂದಿನ ಸಲಕ್ಕಿರಲಿ’ ಎಂದು ಫ್ರಿಜ್ಜಿನ ಮೇಲಿನ ಡಬ್ಬಿ ಸೇರುತ್ತವೆ.

ಆ ಮುಂದಿನ ಸಲ ಎಷ್ಟೋ ಹುಡುಗಿಯರಿಗೆ ಬಂದೇ ಬರುತ್ತದೆ. ಮೂರು ತಿಂಗಳಿಗೋ ಆರು ತಿಂಗಳಿಗೋ, ಕೆಲವೊಮ್ಮೆ ಸರಿಯಾಗಿ ಪರೀಕ್ಷೆಯ ವಾರದಲ್ಲೇ. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಬೇಕೆನಿಸುವ ಹುಡುಗಿ ಮೂರು ತಾಸು ಕುಳಿತು ಲೆಕ್ಕ ಬಿಡಿಸುವುದು ಹೇಗೆ? ಅಷ್ಟಕ್ಕೂ ಇದು ಕೇವಲ ಉರಿಯ ಪ್ರಶ್ನೆಯಲ್ಲ. ಕೆಳಗಿನ ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ತಗುಲಿದರೆ ಚಳಿಜ್ವರ, ವಾಂತಿ, ಆಸ್ಪತ್ರೆ ವಾಸ ಎಲ್ಲವೂ ಸಾಧ್ಯ. ಇನ್ನೊಂದೆಡೆ, ಆ ನಾಲ್ಕು ಮಾತ್ರೆಗಳ ಪದ್ಧತಿ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ: ಮುಂದಿನ ಸಲ ಆ ಮಾತ್ರೆಗೆ ಜಗ್ಗದ ರೋಗಾಣುವನ್ನು ತಯಾರು ಮಾಡುತ್ತಿರುತ್ತದೆ.

ಶತ್ರು ಹೊರಗಿನವನಲ್ಲ

ನಮ್ಮ ಮೂತ್ರಾಂಗಗಳ ವ್ಯವಸ್ಥೆ ಸರಳವಾದದ್ದು. ಎರಡು ಮೂತ್ರಪಿಂಡಗಳು ರಕ್ತವನ್ನು ಸೋಸಿ ಮೂತ್ರ ತಯಾರಿಸುತ್ತವೆ. ಅದು ಎರಡು ಸಪೂರ ನಾಳಗಳಲ್ಲಿ ಇಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶವೆಂಬ ಚೀಲದಲ್ಲಿ ಶೇಖರವಾಗುತ್ತದೆ. ಚೀಲ ತುಂಬಿದಾಗ ಹೊರದಾರಿಯ ಮೂಲಕ ಆಚೆ ಹೋಗುತ್ತದೆ. ವಯಸ್ಕ ಗಂಡಸರಲ್ಲಿ ಈ ಹೊರದಾರಿ ಸುಮಾರು 20 ಸೆಂಟಿಮೀಟರ್ ಉದ್ದ. ಹೆಂಗಸರಲ್ಲಿ ಬರೀ 4 ಸೆಂಟಿಮೀಟರ್. ಅದರ ಬಾಯಿ ಮಲದ್ವಾರಕ್ಕೆ ಹತ್ತಿರದಲ್ಲೇ ಇದೆ. ಹೆಣ್ಣುಮಕ್ಕಳಿಗೆ ಈ ಕಾಯಿಲೆ ಹೆಚ್ಚಾಗಿ ಬರಲು ಮುಖ್ಯ ಕಾರಣ ಈ ಅಳತೆಯೇ ಹೊರತು ಅವರ ಸ್ವಚ್ಛತೆಯ ಕೊರತೆಯಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುವ ಹೆಂಗಸರು ಸುಮಾರು ಅರ್ಧದಷ್ಟು.

ಹತ್ತು ಸೋಂಕುಗಳಲ್ಲಿ ಏಳೆಂಟಕ್ಕೆ ಕಾರಣ ಒಂದೇ ಬ್ಯಾಕ್ಟೀರಿಯ. ಅದರ ಹೆಸರು ಇ. ಕೋಲೈ. 1885ರಲ್ಲಿ ಥಿಯೋಡೋರ್ ಎಷೆರಿಷ್ ಎಂಬ ಮಕ್ಕಳ ವೈದ್ಯರು ಎಳೆಗೂಸುಗಳ ಮಲದಲ್ಲಿ ಇದನ್ನು ಗುರುತಿಸಿ ವರ್ಣಿಸಿದರು. ಹೆಸರಿನ ಮೊದಲಿನ ‘ಇ’ ಅವರದೇ ನೆನಪು. ಪ್ರತಿಯೊಬ್ಬರ ಕರುಳಿನಲ್ಲೂ ಇದು ವಾಸವಾಗಿರುತ್ತದೆ. ಅಲ್ಲಿದ್ದಷ್ಟು ಕಾಲ ಸಾಮಾನ್ಯವಾಗಿ ಯಾವ ತಂಟೆಯೂ ಇಲ್ಲ. ಆ ನಾಲ್ಕು ಸೆಂಟಿಮೀಟರ್ ದಾರಿಯಲ್ಲಿ ಹತ್ತಿ ಮೂತ್ರಕೋಶ ಸೇರಿದಾಗ ಮಾತ್ರ ತೊಂದರೆ. ಅನುಕೂಲವಿದ್ದರೆ ಈ ಜೀವಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಇದಕ್ಕೆ ದೇಹದ ಬಳಿಯಿರುವ ದೊಡ್ಡ ಉಪಾಯವೆಂದರೆ ಆಗಾಗ ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಿ, ಬಂದವರನ್ನು ತೊಳೆದು ಹೊರಹಾಕುವುದು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ‘ಹಾಸ್ಟೆಲ್ ಟಾಯ್ಲೆಟ್ಟಿನಿಂದ ಇನ್‌ಫೆಕ್ಷನ್ ಅಂಟಿತು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆದರೆ ಈ ಸೋಂಕು ಕೊಳಕು ಕಮೋಡಿನಿಂದ ಹಾರಿ ಬಂದು ಮೆತ್ತಿಕೊಳ್ಳುವಂಥದ್ದಲ್ಲ. ಬಂದದ್ದು ಅವರವರ ಕರುಳಿನಿಂದಲೇ. ಕೊಳಕು ಶೌಚಾಲಯ ಕಾಯಿಲೆಗೆ ದಾರಿ ಮಾಡುವುದು ಬೇರೆ ರೀತಿಯಲ್ಲಿ. ಬೆಳಗ್ಗೆ ಏಳು ಗಂಟೆಗೆ ಬಸ್ಸು ಹತ್ತುವ ಹುಡುಗಿ, ಶಾಲೆಯ ಶೌಚಾಲಯವನ್ನು ನೆನೆದೇ ಮನೆಯಲ್ಲಿ ನೀರು ಕುಡಿಯುವುದಿಲ್ಲ. ಬಾಟಲಿ ತುಂಬಿದ್ದು ತುಂಬಿದಂತೆಯೇ ಸಂಜೆ ವಾಪಸು ಬರುತ್ತದೆ. ಹತ್ತೂವರೆಗೆ ಒತ್ತಡ ಬಂದರೂ ತಡೆದುಕೊಳ್ಳುತ್ತಾಳೆ. ಊಟದ ಬಿಡುವಿನಲ್ಲಿ ಸಾಲು ನೋಡಿ ಹಿಂತಿರುಗುತ್ತಾಳೆ. ಹೋದರೂ, ಕಮೋಡಿಗೆ ಮೈ ತಾಗಬಾರದೆಂದು ಅರ್ಧ ಬಗ್ಗಿ ನಿಂತು, ಅವಸರದಲ್ಲಿ ಎದ್ದು ಬರುತ್ತಾಳೆ. ಹಾಗೆ ನಿಂತಾಗ ತಳದ ಸ್ನಾಯುಗಳು ಸಡಿಲವಾಗದೆ ಮೂತ್ರಕೋಶದಲ್ಲಿ ಸ್ವಲ್ಪ ಉಳಿದುಬಿಡುತ್ತದೆ. ಕಡಿಮೆ ನೀರು, ಗಂಟೆಗಟ್ಟಲೆ ತಡೆ, ಅರೆಬರೆ ವಿಸರ್ಜನೆ. ರೋಗಾಣುವಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ತಡೆದುಕೊಂಡ ಎಲ್ಲರಿಗೂ ಸೋಂಕು ಬರುತ್ತದೆಂದಲ್ಲ. ಕೆಲವರ ಮೂತ್ರಕೋಶದ ಒಳಪದರಕ್ಕೆ ಈ ಬ್ಯಾಕ್ಟೀರಿಯ ಸುಲಭವಾಗಿ ಅಂಟುತ್ತದೆ, ಕೆಲವರಲ್ಲಿ ಅಷ್ಟಾಗಿ ಅಂಟದು. ತಾಯಿಗೆ ಪದೇಪದೇ ಬಂದಿದ್ದರೆ ಮಗಳಿಗೂ ಬರುವ ಸಂಭವ ಹೆಚ್ಚು. ಅಂಥ ಮನೆಯ ಹುಡುಗಿಯರಿಗೆ ಬಾಟಲಿ ನೀರಿನ ಲೆಕ್ಕ ಇನ್ನಷ್ಟು ಮುಖ್ಯವಾಗುತ್ತದೆ.

ಅನುಮಾನದ ಕಣ್ಣು ಬೇಡ

ಹದಿನೆಂಟರ ಹುಡುಗಿ ಉರಿಮೂತ್ರವೆಂದರೆ ಕೆಲವು ಮನೆಗಳಲ್ಲಿ ಔಷಧಿಗಿಂತ ಮೊದಲು ಅನುಮಾನ ಹುಟ್ಟುತ್ತದೆ. ‘ಹೆಂಗಸರ ಡಾಕ್ಟರ ಹತ್ತಿರ ಹೋದರೆ ಜನ ಏನೆಂದುಕೊಂಡಾರು’ ಎಂಬ ಅಂಜಿಕೆ ಬೇರೆ. ಇದು ಲೈಂಗಿಕ ರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ಜಾಡ್ಯವೂ ಅಲ್ಲ. ನಾಲ್ಕು ವರ್ಷದ ಕೂಸಿಗೂ ಬರುತ್ತದೆ, ಎಪ್ಪತ್ತರ ಅಜ್ಜಿಗೂ ಬರುತ್ತದೆ. ಮದುವೆಯಾದ ಹೊಸತರಲ್ಲಿ ಈ ತೊಂದರೆ ಹೆಚ್ಚಾಗುವುದು ನಿಜ. ದೇಹಸಂಪರ್ಕದ ವೇಳೆ ರೋಗಾಣುಗಳು ಮೂತ್ರದ್ವಾರದತ್ತ ಸರಿಯುವುದೇ ಅದಕ್ಕೆ ಕಾರಣ. ಸಂಪರ್ಕದ ನಂತರ ಮೂತ್ರ ವಿಸರ್ಜಿಸುವುದು ಒಳ್ಳೆಯದೆಂದು ವೈದ್ಯರು ಹೇಳುವುದು ಅದಕ್ಕೇ. ಆದರೆ ಮದುವೆಯಾಗದ ಹುಡುಗಿಗೆ ಸೋಂಕು ಬಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಅಮ್ಮನ ಮುಖ ಬಿಗಿದುಕೊಂಡರೆ ಮಗಳು ಮುಂದಿನ ಸಲ ಹೇಳುವುದೇ ಇಲ್ಲ. ಗೆಳತಿಯ ಹತ್ತಿರ ಮಿಕ್ಕಿದ ಮಾತ್ರೆ ಕೇಳಿ ನುಂಗುತ್ತಾಳೆ.

ಗುರುತುಗಳು ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತಿರುವವೇ: ಮೂತ್ರ ಮಾಡುವಾಗ ಉರಿ, ಹೋಗಿ ಬಂದ ಐದೇ ನಿಮಿಷಕ್ಕೆ ಮತ್ತೆ ಹೋಗಬೇಕೆನ್ನುವ ಒತ್ತಡ, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆ ನೋವು, ಮಬ್ಬಾದ ಅಥವಾ ರಕ್ತ ಬೆರೆತ ಮೂತ್ರ. ಉರಿಯೆಲ್ಲ ಸೋಂಕೂ ಅಲ್ಲ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿ, ಕಲಬುರ್ಗಿಯ ಬಿಸಿಲಿಗೆ ಬೆವರಿ, ನೀರು ಕಡಿಮೆ ಕುಡಿದಾಗ ಮೂತ್ರ ಗಟ್ಟಿಯಾಗಿ ಉರಿಯುವುದುಂಟು. ಅಜ್ಜಿಯ ‘ಉಷ್ಣ’ ಎಂಬ ಮಾತಿನಲ್ಲಿ ಅಷ್ಟರಮಟ್ಟಿಗೆ ಸತ್ಯವಿದೆ. ಎರಡು ತಂಬಿಗೆ ನೀರು ಕುಡಿದ ಮೇಲೆ ಅದು ಶಮನವಾಗುತ್ತದೆ. ತುರಿಕೆ, ಬಿಳಿಸೆರಗು ಇದ್ದರೆ ಅದು ಮೂತ್ರದ್ದಲ್ಲ, ಬೇರೆ ಸೋಂಕಿರಬಹುದು. ಕಲ್ಲೂ ಇರಬಹುದು. ಮೂತ್ರದಲ್ಲಿ ಪದೇಪದೇ ಕೀವುಕಣ ಕಂಡರೂ ರೋಗಾಣು ಬೆಳೆಯದೇ ಹೋದರೆ, ನಮ್ಮ ದೇಶದಲ್ಲಿ ಕ್ಷಯದ ಸಾಧ್ಯತೆಯನ್ನೂ ವೈದ್ಯರು ಯೋಚಿಸಬೇಕಾಗುತ್ತದೆ.

ಚಳಿ ನಡುಕದ ಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನ ಬದಿಯಲ್ಲಿ ನೋವು, ವಾಂತಿ ಕಂಡರೆ ಮಾತ್ರ ಬಾರ್ಲಿ ನೀರು ಕಾಯಿಸುತ್ತ ಕೂರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಂತೂ ಸಣ್ಣ ಉರಿಯನ್ನೂ ಅಲಕ್ಷಿಸುವಂತಿಲ್ಲ.

ಮಾತ್ರೆಗೆ ಮೊದಲು ಬಾಟಲಿ

ಜೀವಮಾನದಲ್ಲಿ ಮೊದಲ ಸಲ ಬಂದ ಸಾಮಾನ್ಯ ಸೋಂಕಿಗೆ ವೈದ್ಯರು ಲಕ್ಷಣ ನೋಡಿಯೇ ಔಷಧಿ ಬರೆಯಬಹುದು. ಆದರೆ ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ‘ಮರುಕಳಿಸುವ ಸೋಂಕು’ ಎನ್ನುತ್ತಾರೆ. ಆಗ ನಿಯಮ ಬದಲಾಗುತ್ತದೆ. ಪ್ರತಿ ಸಲವೂ, ಮೊದಲ ಮಾತ್ರೆ ನುಂಗುವ ಮುನ್ನ, ಮೂತ್ರವನ್ನು ‘ಕಲ್ಚರ್’ ಪರೀಕ್ಷೆಗೆ ಕೊಡಬೇಕು. ಮಾಮೂಲು ಮೂತ್ರ ಪರೀಕ್ಷೆ ಕೀವುಕಣ ಇದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಕಲ್ಚರ್ ಹಾಗಲ್ಲ. ಮೂತ್ರವನ್ನು ತಟ್ಟೆಯಲ್ಲಿ ಹಾಕಿ ರೋಗಾಣುವನ್ನು ಬೆಳೆಸಿ, ಅದು ಯಾವುದೆಂದು ಗುರುತಿಸಿ, ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಪಟ್ಟಿ ಮಾಡಿ ಕೊಡುತ್ತಾರೆ. ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ವೈದ್ಯರು ಅಂದಾಜಿನ ಮೇಲೆ ಔಷಧಿ ಶುರುಮಾಡಿ, ವರದಿ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ.

ಮೂತ್ರ ಹಿಡಿಯುವುದರಲ್ಲೂ ಕ್ರಮವಿದೆ. ಅದು ತಪ್ಪಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಗಳೇ ಬೆಳೆದು ವರದಿ ಕಲಸುಮೇಲೋಗರವಾಗುತ್ತದೆ. ಪ್ರಯೋಗಾಲಯದವರು ಕೊಡುವ ಬಾಟಲಿಯನ್ನೇ ಬಳಸಬೇಕು. ಮನೆಯ ತೊಳೆದ ಸೀಸೆ ನಡೆಯದು. ಕೈ ತೊಳೆದು, ಆ ಭಾಗವನ್ನು ಬರೀ ನೀರಿನಲ್ಲಿ ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಬಾಟಲಿಗೆ ಹಿಡಿಯಬೇಕು. ಮುಚ್ಚಳದ ಒಳಬದಿಗೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಬೆಳಗ್ಗೆ ಹಿಡಿದಿಟ್ಟು ಆಫೀಸಿಗೆ ಹೋಗುವ ದಾರಿಯಲ್ಲಿ ಮಧ್ಯಾಹ್ನ ಕೊಟ್ಟರೆ ಅಷ್ಟರಲ್ಲಿ ಬಾಟಲಿಯೊಳಗೇ ರೋಗಾಣುಗಳ ಸಂಸಾರ ಬೆಳೆದಿರುತ್ತದೆ.

ವರದಿಯಲ್ಲಿ ರೋಗಾಣುವಿನ ಎಣಿಕೆ ಇರುತ್ತದೆ. ಒಂದು ಮಿಲಿಲೀಟರಿಗೆ 1 ಲಕ್ಷ ಎಂಬ ಗಡಿಯನ್ನು 1950ರ ದಶಕದಲ್ಲಿ ಎಡ್ವರ್ಡ್ ಕಾಸ್ ಎಂಬ ಅಮೆರಿಕದ ವೈದ್ಯರು ಬಳಕೆಗೆ ತಂದರು. ಲಕ್ಷಣಗಳಿದ್ದರೆ ಅದಕ್ಕಿಂತ ಕಡಿಮೆ ಎಣಿಕೆಗೂ ಅರ್ಥವಿದೆ ಎಂದು ಈಗ ತಿಳಿದಿದೆ. ಔಷಧಿಗಳ ಹೆಸರಿನ ಮುಂದೆ ‘ಎಸ್’ ಎಂದಿದ್ದರೆ ಅದಕ್ಕೆ ರೋಗಾಣು ಬಗ್ಗುತ್ತದೆ, ‘ಆರ್’ ಎಂದಿದ್ದರೆ ಬಗ್ಗದು ಎಂದರ್ಥ. ಈ ಹಾಳೆಗಳನ್ನು ಮಗಳ ಅಂಕಪಟ್ಟಿಯಷ್ಟೇ ಜೋಪಾನವಾಗಿ ಒಂದು ಫೈಲಿನಲ್ಲಿ ಇಡುವುದು ಒಳ್ಳೆಯದು. ಊರು ಬದಲಾದರೂ, ವೈದ್ಯರು ಬದಲಾದರೂ, ಕಳೆದ ಸಲ ಏನು ಬೆಳೆದಿತ್ತು ಎಂಬುದು ಮುಂದಿನ ಸಲಕ್ಕೆ ದಾರಿ ತೋರಿಸುತ್ತದೆ.

ಯಾವ ಔಷಧಿ? ಅದನ್ನು ವೈದ್ಯರೇ ನಿರ್ಧರಿಸಬೇಕು. ಆದರೂ ಕೆಲವು ವಿಷಯ ಮನೆಯವರಿಗೆ ಗೊತ್ತಿದ್ದರೆ ಅನುಕೂಲ. ಮೂತ್ರಕೋಶದ ಸಾಮಾನ್ಯ ಸೋಂಕಿಗೆ ಇವತ್ತು ಮೊದಲ ಸಾಲಿನಲ್ಲಿರುವುದು 1950ರ ದಶಕದ ಹಳೆಯ ಔಷಧಿ ನೈಟ್ರೋಫ್ಯೂರಾಂಟಾಯಿನ್. ಸಾಮಾನ್ಯವಾಗಿ ಐದು ದಿನ ಊಟದ ಜೊತೆ ಕೊಡುತ್ತಾರೆ. ಮೂತ್ರ ಕಂದುಹಳದಿಯಾದರೆ ಗಾಬರಿ ಬೇಡ, ಅದು ಔಷಧಿಯ ಬಣ್ಣ. ಇದು ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ, ಮೂತ್ರಪಿಂಡದ ಒಳಗೆ ಸಾಕಷ್ಟು ಸೇರುವುದಿಲ್ಲ. ಹಾಗಾಗಿ ಜ್ವರ, ಬೆನ್ನುನೋವು ಇದ್ದವರಿಗೆ ಇದು ಸಾಲದು. ಇನ್ನೊಂದು ಫಾಸ್ಫೋಮೈಸಿನ್, ನೀರಿನಲ್ಲಿ ಕದಡಿ ಒಂದೇ ಸಲ ಕುಡಿಯುವ 3 ಗ್ರಾಂ ಪುಡಿ. ಬಹಳ ವರ್ಷ ಕೇಳಿದವರಿಗೆಲ್ಲ ಕೊಟ್ಟ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳಿಗೆ ನಮ್ಮ ದೇಶದ ಇ. ಕೋಲೈ ಬಹುಪಾಲು ಒಗ್ಗಿಹೋಗಿದೆ. ಸ್ನಾಯುರಜ್ಜು, ನರಗಳಿಗೆ ಹಾನಿಯಾಗುವ ಅಪಾಯವಿರುವುದರಿಂದ, ಬೇರೆ ಔಷಧಿ ಇರುವಾಗ ಸಾಮಾನ್ಯ ಮೂತ್ರ ಸೋಂಕಿಗೆ ಇವನ್ನು ಬಳಸಬೇಡಿ ಎಂದು 2016ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಗುಲಾಬಿಯೋ ಕಿತ್ತಳೆಯೋ ಬಣ್ಣದ ಸಿಟ್ರೇಟ್ ಸಿರಪ್ ಮೂತ್ರದ ಹುಳಿಯನ್ನು ತಗ್ಗಿಸುತ್ತದೆ, ಅಷ್ಟೆ. ಅದರಿಂದ ಬ್ಯಾಕ್ಟೀರಿಯ ಸಾಯುವುದಿಲ್ಲ.

ಔಷಧಿ ಹಾಳೆಯ ಹಿಂಬದಿಯಲ್ಲಿ ಒಂದು ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಳ್ಳಬಾರದು ಎಂದರ್ಥ. ಈ ಗೆರೆಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರ ನಡೆಸಿತು. ಅದಕ್ಕೂ ಮೊದಲು, 2014ರಿಂದ, ಸೆಫಿಕ್ಸಿಮ್‌ನಂಥ ಔಷಧಿಗಳನ್ನು ಯಾರಿಗೆ, ಯಾವ ವೈದ್ಯರ ಚೀಟಿಯ ಮೇಲೆ ಮಾರಲಾಯಿತೆಂದು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ ಜಾರಿಯಲ್ಲಿದೆ. ಪುಸ್ತಕ ಎಷ್ಟು ಅಂಗಡಿಗಳಲ್ಲಿ ತೆರೆಯುತ್ತದೆ ಎಂಬುದು ಓದುಗರಿಗೇ ಗೊತ್ತು. ಕೇಳುವವರು ಇರುವ ತನಕ ಕತ್ತರಿಸಿ ಕೊಡುವವರೂ ಇರುತ್ತಾರೆ.

ಬರೆದುಕೊಟ್ಟಷ್ಟು ದಿನ ಪೂರ್ತಿ ನುಂಗಬೇಕು, ಅದಕ್ಕಿಂತ ಹೆಚ್ಚೂ ಬೇಡ. ಗುಣವಾದ ಮೇಲೆ ‘ಹೋಗಿದೆಯಾ ನೋಡೋಣ’ ಎಂದು ಮತ್ತೆ ಕಲ್ಚರ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಉರಿ, ಒತ್ತಡ ಏನೂ ಇಲ್ಲದೆ ಬರೀ ವರದಿಯಲ್ಲಿ ಬ್ಯಾಕ್ಟೀರಿಯ ಕಂಡರೆ ಅದಕ್ಕೆ ಔಷಧಿ ಕೊಡದಿರುವುದೇ ಸರಿ. ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಕ್ರಿಯೆಗೆ ಸಿದ್ಧರಾಗುವವರು ಇದಕ್ಕೆ ಹೊರತು. ಆದರೆ ಔಷಧಿ ಮುಗಿದು ಎರಡು ವಾರದೊಳಗೆ ಅದೇ ಉರಿ ಮರಳಿದರೆ ಮತ್ತೆ ಕಲ್ಚರ್ ಬೇಕೇ ಬೇಕು. ಅದೇ ರೋಗಾಣು ಮತ್ತೆ ಮತ್ತೆ ಬೆಳೆದರೆ, ಒಳಗೆ ಕಲ್ಲೋ ಬೇರೇನೋ ಅಡ್ಡಿಯೋ ಇದೆಯೇ ಎಂದು ಸ್ಕ್ಯಾನ್ ಮಾಡಿಸುತ್ತಾರೆ. ಹುಡುಗರಿಗೆ, ಗಂಡಸರಿಗೆ ಸೋಂಕು ಬಂದರೂ ಕಾರಣ ಹುಡುಕುವುದು ವಾಡಿಕೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಒಮ್ಮೆ ನೋಡಿಸಬೇಕು.

ಮತ್ತೆ ಯಾಕೆ ಬರುತ್ತದೆ?

ಸರಿಯಾಗಿ ಔಷಧಿ ನುಂಗಿದವರಿಗೂ ಕೆಲವೊಮ್ಮೆ ಮರುಕಳಿಸುತ್ತದೆ. ಹೆಚ್ಚಿನ ಸಲ ಕರುಳಿನಿಂದ ಹೊಸ ದಂಡು ಹತ್ತಿ ಬಂದಿರುತ್ತದೆ. ಇನ್ನೊಂದು ಕಾರಣವೂ ಇರಬಹುದು. ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ಮತ್ತು ಸಂಗಡಿಗರು ಇಲಿಗಳ ಮೂತ್ರಕೋಶವನ್ನು ಪರೀಕ್ಷಿಸಿದಾಗ, ಇ. ಕೋಲೈ ಒಳಪದರದ ಜೀವಕೋಶಗಳ ಒಳಕ್ಕೇ ನುಗ್ಗಿ ಗುಂಪುಗುಂಪಾಗಿ ಅಡಗಿ ಕುಳಿತಿದ್ದು ಕಂಡಿತು. 2003ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಸೋಂಕು ತಗುಲಿದ ಹೆಂಗಸರ ಮೂತ್ರದಲ್ಲೂ ಅಂಥ ಗುಂಪುಗಳ ಗುರುತು 2007ರಲ್ಲಿ ಸಿಕ್ಕಿತು. ‘ನನ್ನ ಮಗಳು ಏನೋ ತಪ್ಪು ಮಾಡುತ್ತಿದ್ದಾಳೆ, ಅದಕ್ಕೇ ಬರುತ್ತಿದೆ’ ಎಂದು ದೂರುವ ತಾಯಂದಿರು ಇದನ್ನು ಗಮನದಲ್ಲಿಡಬೇಕು.

ಹಾಗಾದರೆ ತಡೆಯುವುದು ಹೇಗೆ? ಔಷಧಿಯಿಲ್ಲದ ಉಪಾಯಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವುದು, ಯಾರೂ ದುಡ್ಡು ಕೊಡಬೇಕಿಲ್ಲದ ನೀರು. 2018ರಲ್ಲಿ ಬಲ್ಗೇರಿಯದ ಒಂದು ಅಧ್ಯಯನದ ಫಲಿತಾಂಶ ಹೊರಬಂತು. ಪದೇಪದೇ ಸೋಂಕಿಗೆ ತುತ್ತಾಗುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಕುಡಿಯುತ್ತಿದ್ದ 140 ಹೆಂಗಸರನ್ನು ಆರಿಸಿಕೊಂಡು, ಅರ್ಧದಷ್ಟು ಜನರಿಗೆ ಮಾಮೂಲಿಗಿಂತ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಯಲು ಹೇಳಿದರು. ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಹಳೆಯ ಅಭ್ಯಾಸದಲ್ಲೇ ಉಳಿದವರಿಗೆ ಸರಾಸರಿ 3.2 ಸಲ ಸೋಂಕು ಬಂದಿತ್ತು, ನೀರು ಹೆಚ್ಚಿಸಿದವರಿಗೆ 1.7 ಸಲ. ಆಂಟಿಬಯಾಟಿಕ್ ಬಳಕೆಯೂ ಸುಮಾರು ಅರ್ಧಕ್ಕೆ ಇಳಿದಿತ್ತು. ಬಾರ್ಲಿ ನೀರು, ಜೀರಿಗೆ ನೀರು, ಮಜ್ಜಿಗೆ, ಎಳನೀರು ಇವೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ; ಹಾಗಾಗಿ ಅಜ್ಜಿಯ ಪಾತ್ರೆಯನ್ನು ಒಲೆಯಿಂದ ಇಳಿಸಬೇಕಿಲ್ಲ. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ನೀರು ಸಾಕಾಗಿದೆ, ಗಾಢವಾದರೆ ಸಾಲದು ಎಂದು ತಿಳಿಯಬಹುದು. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.

ಮೂರು ನಾಲ್ಕು ತಾಸಿಗೊಮ್ಮೆ, ಅವಸರವಿಲ್ಲದೆ, ಪೂರ್ತಿ ಖಾಲಿಯಾಗುವವರೆಗೆ ಕುಳಿತುಕೊಳ್ಳಬೇಕು. ಮಲವಿಸರ್ಜನೆಯ ನಂತರ ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಲಿ ಎನ್ನುತ್ತಾರೆ. ಇದಕ್ಕೆ ಅಧ್ಯಯನಗಳ ಬೆಂಬಲ ಅಷ್ಟೇನೂ ಇಲ್ಲ, ಆದರೂ ತರ್ಕಕ್ಕೆ ಒಪ್ಪುವ ಮಾತು, ನಷ್ಟವಂತೂ ಇಲ್ಲ. ಸುವಾಸನೆಯ ಸೋಪು, ನಂಜುನಿರೋಧಕ ದ್ರಾವಣ ಹಾಕಿ ಒಳಭಾಗವನ್ನು ತೊಳೆಯುವುದು ಮಾತ್ರ ಬೇಡ. ಯೋನಿಯಲ್ಲಿ ಸಹಜವಾಗಿ ವಾಸಿಸುವ ಒಳ್ಳೆಯ ಬ್ಯಾಕ್ಟೀರಿಯಗಳು ಅದರಿಂದ ನಾಶವಾಗಿ ಇ. ಕೋಲೈಗೆ ಜಾಗ ತೆರವಾಗುತ್ತದೆ. ಶುಚಿತ್ವದ ಹೆಸರಿನಲ್ಲಿ ಕಾಯಿಲೆಯನ್ನು ಕರೆದಂತೆ.

ಜಾಹೀರಾತುಗಳಲ್ಲಿ ಕಾಣುವ ಕ್ರ್ಯಾನ್‌ಬೆರಿ ಮಾತ್ರೆಯ ಸಂಗತಿ ಸ್ವಾರಸ್ಯವಾಗಿದೆ. ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ ಈ ಹುಳಿಹಣ್ಣಿನಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದು 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಹೇಳಿತ್ತು. 2023ರಲ್ಲಿ 50 ಅಧ್ಯಯನಗಳನ್ನು ಒಟ್ಟು ನೋಡಿ ಅದೇ ಸಂಸ್ಥೆ ಅಭಿಪ್ರಾಯ ಬದಲಿಸಿತು: ಮರುಕಳಿಸುವ ಸೋಂಕಿರುವ ಹೆಂಗಸರಿಗೆ, ಮಕ್ಕಳಿಗೆ ತಡೆಯಾಗಿ ಇದು ಸ್ವಲ್ಪ ನೆರವಾಗುತ್ತದೆ. ಬಂದ ಸೋಂಕನ್ನು ಮಾತ್ರ ಇದು ಗುಣಪಡಿಸದು. ಅಂಗಡಿಯ ಸಿಹಿ ಜ್ಯೂಸಿನಲ್ಲಿ ಸಕ್ಕರೆಯೇ ಹೆಚ್ಚು. ಡಿ-ಮ್ಯಾನೋಸ್ ಎಂಬ ಇನ್ನೊಂದು ದುಬಾರಿ ಪುಡಿಯನ್ನು ಬ್ರಿಟನ್ನಿನ 598 ಹೆಂಗಸರಲ್ಲಿ ಪರೀಕ್ಷಿಸಿದ ಫಲಿತಾಂಶ 2024ರಲ್ಲಿ ಬಂತು: ಪ್ರಯೋಜನವಿಲ್ಲ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ವೈದ್ಯರ ಬಳಿ ಬೇರೆ ದಾರಿಗಳಿವೆ. ರಾತ್ರಿ ಮಲಗುವಾಗ ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಅನ್ನು ಕೆಲವು ತಿಂಗಳು ಕೊಡುವುದು ಹಳೆಯ ಕ್ರಮ. ಮೆಥೆನಮೈನ್ ಎಂಬುದು ಆಂಟಿಬಯಾಟಿಕ್ ಅಲ್ಲದ, ಹುಳಿ ಮೂತ್ರದಲ್ಲಿ ಒಡೆದು ರೋಗಾಣುವನ್ನು ಕೊಲ್ಲುವ ಔಷಧಿ. ತಡೆಯುವುದರಲ್ಲಿ ಇದು ದಿನನಿತ್ಯದ ಆಂಟಿಬಯಾಟಿಕ್‌ಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ ಎಂದು ಬ್ರಿಟನ್ನಿನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರಡನ್ನೂ ವೈದ್ಯರ ಮೇಲ್ವಿಚಾರಣೆಯಲ್ಲಷ್ಟೇ ತೆಗೆದುಕೊಳ್ಳಬೇಕು.

ಮುಟ್ಟು ನಿಂತ ತಾಯಂದಿರು, ಅಜ್ಜಿಯಂದಿರದು ಇನ್ನೊಂದು ಕಥೆ. ಅವರಲ್ಲಿ ಈಸ್ಟ್ರೋಜೆನ್ ಕಡಿಮೆಯಾಗಿ ಒಳಪದರ ತೆಳುವಾಗುತ್ತದೆ. ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಮುಲಾಮು ಎಷ್ಟು ಪರಿಣಾಮಕಾರಿ ಎಂಬುದನ್ನು 1993ರಲ್ಲೇ ಒಂದು ಅಧ್ಯಯನ ತೋರಿಸಿತ್ತು: ಔಷಧಿಯಿಲ್ಲದ ಮುಲಾಮು ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು ಬಂದರೆ, ಈಸ್ಟ್ರೋಜೆನ್ ಹಚ್ಚಿದವರಿಗೆ 0.5 ಸಲ ಬಂತು. ಮಕ್ಕಳ ಮುಂದೆ ಹೇಳಿಕೊಳ್ಳಲು ಸಂಕೋಚಪಡುವ ಎಷ್ಟೋ ತಾಯಂದಿರು ಇಂಥದ್ದೊಂದಿದೆ ಎಂದು ತಿಳಿಯದೆಯೇ ವರ್ಷಗಟ್ಟಲೆ ನರಳುತ್ತಾರೆ.

ತೀರ ಚಿಕ್ಕ ಮಕ್ಕಳು ಉರಿ ಎಂದು ಹೇಳಲಾರವು. ನೆಗಡಿ, ಕೆಮ್ಮು ಏನೂ ಇಲ್ಲದೆ ಕೂಸಿಗೆ ಜ್ವರ ಬಂದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ಕೆಲವು ಮಕ್ಕಳಲ್ಲಿ ಮೂತ್ರ ಮೂತ್ರಕೋಶದಿಂದ ಮೇಲಕ್ಕೆ ಹಿಮ್ಮುಖವಾಗಿ ಹರಿಯುವ ತೊಂದರೆ ಇರುತ್ತದೆ. ಅಂಥವರಲ್ಲಿ ಜ್ವರದ ಸೋಂಕು ಮರುಕಳಿಸಿದರೆ ಮೂತ್ರಪಿಂಡದಲ್ಲಿ ಕಲೆ ಉಳಿಯಬಹುದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಮನಿಸಬೇಕಾದದ್ದು ಮಲಬದ್ಧತೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ಪೂರ್ತಿ ಖಾಲಿಯಾಗಲು ಬಿಡುವುದಿಲ್ಲ. ಆಟದ ನಡುವೆ ಕಾಲು ಹೆಣೆದುಕೊಂಡು ನಿಲ್ಲುವ, ಹಿಮ್ಮಡಿಯ ಮೇಲೆ ಕುಕ್ಕರಿಸುವ, ಚಡ್ಡಿ ಆಗಾಗ ಒದ್ದೆಯಾಗುವ ಮಗು ಮೂತ್ರ ತಡೆದುಕೊಳ್ಳುತ್ತಿದೆ ಎಂದೇ ಅರ್ಥ. ಗದರಿದರೆ ಇನ್ನಷ್ಟು ತಡೆದುಕೊಳ್ಳುತ್ತದೆ. ಹಣ್ಣು, ಸೊಪ್ಪು, ನೀರು ಹೆಚ್ಚಿಸಿ ಹೊಟ್ಟೆ ಸಲೀಸಾದರೆ ಎಷ್ಟೋ ಮಕ್ಕಳಲ್ಲಿ ಸೋಂಕು ಕಡಿಮೆಯಾಗುತ್ತದೆ.

ಗಂಟೆ ಹೊಡೆದರೆ ಸಾಲದು

ನೀರು ಕುಡಿ, ತಡೆದುಕೊಳ್ಳಬೇಡ ಎಂದು ಮಗಳಿಗೆ ಹೇಳುವುದು ಸುಲಭ. ದಿನದ ಏಳೆಂಟು ತಾಸು ಅವಳು ಇರುವ ಜಾಗದಲ್ಲಿ ಹೋಗುವಂಥ ಶೌಚಾಲಯ ಇರಬೇಕಲ್ಲ? ಬಾಲಕಿಯರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆರು ತಿಂಗಳೊಳಗೆ ಎಲ್ಲ ಶಾಲೆಗಳಲ್ಲೂ ಕಟ್ಟಿಸಿ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು. 2014ರ ಸ್ವಚ್ಛ ವಿದ್ಯಾಲಯ ಯೋಜನೆಯಲ್ಲಿ ಲಕ್ಷಗಟ್ಟಲೆ ಕಟ್ಟಿದರು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ, ಮಕ್ಕಳು ನೀರು ಕುಡಿಯಲೆಂದೇ ಬಾರಿಸುವ ‘ನೀರಿನ ಗಂಟೆ’ಯನ್ನು ಕರ್ನಾಟಕದಲ್ಲೂ ಜಾರಿಗೆ ತರುವುದಾಗಿ ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಪ್ರಕಟಿಸಿದರು. ಒಳ್ಳೆಯ ಯೋಚನೆಯೇ. ಆದರೆ ಕುಡಿದ ನೀರು ತಾಸೆರಡು ತಾಸಿಗೆ ಹೊರಗೆ ಬರಲೇಬೇಕು. ಗೋಡೆ ಇದ್ದು ನಲ್ಲಿಯಲ್ಲಿ ನೀರಿಲ್ಲದಿದ್ದರೆ, ಬಾಗಿಲಿದ್ದು ಚಿಲಕವಿಲ್ಲದಿದ್ದರೆ, ಚಿಲಕವಿದ್ದು ಬೀಗದ ಕೈ ಸಿಬ್ಬಂದಿ ಕೋಣೆಯಲ್ಲಿದ್ದರೆ, ಹುಡುಗಿಯರು ಗಂಟೆ ಹೊಡೆದಾಗ ಬಾಟಲಿಯನ್ನು ತುಟಿಗೆ ತಾಗಿಸಿ ಇಳಿಸುತ್ತಾರೆ.

ಪಾಠದ ನಡುವೆ ಕೈ ಎತ್ತಿದ ಹುಡುಗಿಗೆ ‘ಬೆಲ್ ಆಗಲಿ, ಆಮೇಲೆ ಹೋಗು’ ಎನ್ನುವ ಶಿಕ್ಷಕರು ಇನ್ನೂ ಇದ್ದಾರೆ. ಮರುಕಳಿಸುವ ಸೋಂಕಿರುವ ಮಕ್ಕಳ ತಂದೆತಾಯಿ ವೈದ್ಯರಿಂದ ಎರಡು ಸಾಲಿನ ಚೀಟಿ ಬರೆಸಿ ತರಗತಿ ಶಿಕ್ಷಕರಿಗೆ ಕೊಟ್ಟರೆ ಮಗಳು ಎಲ್ಲರೆದುರು ಕಾರಣ ಹೇಳಬೇಕಾಗುವುದಿಲ್ಲ. ಪಾಲಕರ ಸಭೆಗೆ ಹೋದ ದಿನ ಅಂಕಗಳ ವಿಚಾರ ಮುಗಿದ ಮೇಲೆ, ಅಮ್ಮಂದಿರು ಹಾಗೆಯೇ ಹುಡುಗಿಯರ ಶೌಚಾಲಯದ ಕಡೆ ಒಮ್ಮೆ ಹೋಗಿ ಬರಬಹುದು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆಯೇ, ಬಕೆಟ್ಟು ಮಗ್ಗು ಇವೆಯೇ, ಒಳಗಿನಿಂದ ಚಿಲಕ ಬೀಳುತ್ತದೆಯೇ, ಪ್ಯಾಡ್ ಹಾಕಲು ಬುಟ್ಟಿ ಇದೆಯೇ, ಬೀಗ ಹಾಕಿದ್ದರೆ ಕೀಲಿ ಯಾರ ಬಳಿ ಇದೆ ಎಂದು ನೋಡಲು ಐದು ನಿಮಿಷ ಸಾಕು.